ಪೂರಿ ಮುಖ

“ಅಜ್ಜಿ, ನೀವು ಸ್ವಲ್ಪ ಹೊರಗಡೆ ಕೂತ್ಕೊಳ್ತೀರಾ? ಮಗು ನಿಮ್ಮ ಮುಖಾನೇ ನೋಡ್ತಾ ಇದೆ.”

ಇಂದಿರಾನಗರದ ಆ ನರ್ಸರಿ ಶಾಲೆಯ ಟೀಚರ್ ಹುಡುಗಿ ವಿನಯದಿಂದಲೇ ಹೇಳಿದಳು, ಅವಳ ತಪ್ಪೇನೂ ಇಲ್ಲ. ಮೊಮ್ಮಗಳ ಎಲ್‌ಕೆಜಿ ಇಂಟರ್‌ವ್ಯೂಗೆ ಅವಳ ಅಪ್ಪ-ಅಮ್ಮ ಇಬ್ಬರಿಗೂ ರಜೆ ಸಿಗದೆ ನಾನು ಕರೆದುಕೊಂಡು ಹೋಗಿದ್ದೆ. ಇನ್ನೂ ಸರಿಯಾಗಿ ಮೂಗು ಒರೆಸಿಕೊಳ್ಳಲು ಬಾರದ ಕೂಸಿಗೆ ಇಂಟರ್‌ವ್ಯೂ ಅಂತೆ, ಕರ್ಮ! ಮೇಜಿನ ಮೇಲೆ ಮರದ ತುಂಡುಗಳನ್ನು ಹರವಿದ್ದರು. ಹೊಸದಾಗಿ ಬಣ್ಣ ಬಳಿಸಿದ್ದರೆಂದು ಕಾಣುತ್ತದೆ, ವಾರ್ನಿಷ್ ವಾಸನೆ ಗಮ್ಮೆನ್ನುತ್ತಿತ್ತು. ಆ ವಾಸನೆಗೆ ಆ ಮಾತೂ ಸೇರಿದ್ದೇ ತಡ, ತಟ್ಟನೆ ಎದ್ದುಬಿಟ್ಟೆ. ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ಆಯಾ ಒಂದು ಲೋಟ ನೀರು ತಂದುಕೊಟ್ಟು, “ಬಿಸ್ಲು ಜಾಸ್ತಿ ಅಲ್ವಾ ಅಮ್ಮಾ” ಎಂದಳು. ಹೌದೆಂದೆ. ಎಸ್ತರ್ ಟೀಚರ್ ನೆನಪಾದರು ಎಂದರೆ ಅವಳಿಗೇನು ಅರ್ಥವಾದೀತು?

ನಾನು ಹೇಳುತ್ತಿರುವುದು ಎರಡನೇ ಮಹಾಯುದ್ಧದ ಕಾಲ. ಆಗ ಇಂದಿರಾನಗರವಾದರೂ ಎಲ್ಲಿತ್ತು? ಹಲಸೂರು ದಾಟಿದರೆ ರಾಗಿ ಹೊಲ, ಆಚೆ ದೊಡ್ಡನೆಕ್ಕುಂದಿ ಕಡೆಯಿಂದ ತಲೆಯ ಮೇಲೆ ಹಾರಿ ಬರುವ ವಿಮಾನಗಳು. ನಾನು ಹಲಸೂರಿನವಳು. ಹೆಸರು ರುಕ್ಮಿಣಿ, ಎಲ್ಲರ ಬಾಯಲ್ಲೂ ರುಕ್ಕು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿದ್ದ ಹುಡುಗಿ, ಇಂಥವಳನ್ನು ಯಾರು ಮದುವೆಯಾಗುತ್ತಾರೋ ಎಂದು ಅಮ್ಮ ದಿನಾ ಗೊಣಗುತ್ತಿದ್ದಳು. ಮದುವೆಯಾಗುವವರೆಗೆ ಏನಾದರೂ ಮಾಡಲಿ ಎಂದು ಅಪ್ಪ ಕಾಕ್ಸ್ ಟೌನ್ ಹತ್ತಿರದ ಒಂದು ಸಣ್ಣ ಶಾಲೆಯಲ್ಲಿ ಕೆಲಸಕ್ಕೆ ಸೇರಿಸಿದರು. ಚರ್ಚಿನ ಹಿಂದೆ ಹೆಂಚಿನ ಕಟ್ಟಡ, ಪಕ್ಕದಲ್ಲಿ ಬೇಕರಿ. ಬೆಳಿಗ್ಗೆ ಬನ್ನು ಬೇಯುವ ವಾಸನೆಗೆ ಮಕ್ಕಳು ಪಾಠ ಬಿಟ್ಟು ಕಿಟಕಿಗೆ ಮುಖ ಮಾಡುತ್ತಿದ್ದವು, ಹಸಿವು ತಡೆಯಲಾರದೆ ನಾನೂ ಮಾಡುತ್ತಿದ್ದೆ. ಅಲ್ಲಿನ ಶಿಶುವರ್ಗಕ್ಕೆ ನಾನು ಸಹಾಯಕಿ. ವರ್ಗದ ಒಡತಿ ಎಸ್ತರ್ ಟೀಚರ್.

ಎಸ್ತರ್ ಟೀಚರ್ ಕಾಕ್ಸ್ ಟೌನಿನ ತಮಿಳು ಕ್ರಿಶ್ಚಿಯನ್ನರು. ಸ್ಥೂಲ ದೇಹ, ಬಿಳಿ ಸೀರೆ, ಹೆಗಲ ಮೇಲೆ ದೊಡ್ಡ ಪಿನ್ನು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರ ಮುಖವೋ, ಅಬ್ಬಾ, ಅಷ್ಟು ಕೆಲಸ ಮಾಡುವ ಮುಖವನ್ನು ನಾನು ಇನ್ನೆಲ್ಲೂ ಕಂಡಿಲ್ಲ. ನಮ್ಮ ವರ್ಗದಲ್ಲಿ ಕನ್ನಡದ ಮಕ್ಕಳು, ತಮಿಳಿನ ಮಕ್ಕಳು, ತೆಲುಗಿನವು, ಮನೆಯಲ್ಲಿ ಇಂಗ್ಲಿಷ್ ಆಡುವ ರೈಲ್ವೆಯವರ ಮಕ್ಕಳು, ಬ್ಲ್ಯಾಕ್‌ಪಲ್ಲಿಯಿಂದ ಬರುವ ದಖನಿ ಉರ್ದು ಮಾತಿನ ಮಕ್ಕಳು. ಈಗ ಶಿವಾಜಿನಗರ ಅಂತಾರಲ್ಲ, ಅದೇ ಬ್ಲ್ಯಾಕ್‌ಪಲ್ಲಿ. ಒಂದು ಭಾಷೆಯಲ್ಲಿ ಹೇಳಿದರೆ ಉಳಿದವು ಪಿಳಿಪಿಳಿ ಕಣ್ಣುಬಿಡುತ್ತಿದ್ದವು. ಅದಕ್ಕೇ ಎಸ್ತರ್ ಟೀಚರ್ ಮಾತಿನ ಬದಲು ಮುಖದಲ್ಲೇ ಪಾಠ ಮಾಡುವುದನ್ನು ರೂಢಿ ಮಾಡಿಕೊಂಡಿದ್ದರು. ಮಗು ಮಣಿ ಪೋಣಿಸುವಾಗ ತಪ್ಪಿದರೆ ಹುಬ್ಬು ಮೇಲೆ ಹೋಗುತ್ತಿತ್ತು, ಅಂದರೆ ಇನ್ನೊಂದು ಸಲ ನೋಡು. ಸರಿಯ ಹತ್ತಿರ ಬಂದರೆ ತುಟಿ ಚೂಪಾಗುತ್ತಿತ್ತು. ಸರಿಯಾಯಿತೋ, ಎರಡೂ ಕೆನ್ನೆ ಉಬ್ಬಿ ಕಣ್ಣು ಅರಳುತ್ತಿತ್ತು. ಅದಕ್ಕೆ ಮಕ್ಕಳು ಇಟ್ಟ ಹೆಸರು ಪೂರಿ ಮುಖ. ಪೂರಿ ಯಾವ ಭಾಷೆಯಲ್ಲೂ ಪೂರಿಯೇ ನೋಡಿ, ಎಲ್ಲರಿಗೂ ಗೊತ್ತು, ಎಲ್ಲರಿಗೂ ಬೇಕು. ‘ತಪ್ಪು’ ಎಂಬ ಮಾತನ್ನು ಆ ಹೆಂಗಸು ಯಾವ ಮಗುವಿಗೂ ಹೇಳಿದ್ದನ್ನು ನಾನು ಕೇಳಿಲ್ಲ.

ಆ ಪೂರಿ ಮುಖಕ್ಕೆ ಎಲ್ಲರಿಗಿಂತ ಹೆಚ್ಚು ಜೋತುಬಿದ್ದವಳು ಆಮಿನಾ. ಅವಳ ಅಪ್ಪ ಖಲೀಲ್ ಬ್ಲ್ಯಾಕ್‌ಪಲ್ಲಿಯಲ್ಲಿ ಟೈಲರು, ಯುದ್ಧದ ದೆಸೆಯಿಂದ ಹಗಲೂ ರಾತ್ರಿ ಸಿಪಾಯಿಗಳ ಖಾಕಿ ಹೊಲಿಯುತ್ತಿದ್ದರು. ತಾಯಿ ಇರಲಿಲ್ಲ, ಅಜ್ಜಿ ಸಾಕುತ್ತಿದ್ದಳು. ಆಮಿನಾ ಶಾಲೆಗೆ ಸೇರಿದಾಗಿನಿಂದ ಒಂದು ಮಾತೂ ಆಡಿರಲಿಲ್ಲ. ಕರೆದರೆ ಬರುತ್ತಿದ್ದಳು, ಕೊಟ್ಟರೆ ತೆಗೆದುಕೊಳ್ಳುತ್ತಿದ್ದಳು, ಅಷ್ಟೆ. ಆದರೆ ಎಸ್ತರ್ ಟೀಚರ್ ಪೂರಿ ಮುಖ ಮಾಡಿದಾಗ ತಾನೂ ಪುಟ್ಟ ಕೆನ್ನೆಗಳನ್ನು ಉಬ್ಬಿಸಿ ಎದುರು ಪೂರಿ ಮಾಡುತ್ತಿದ್ದಳು. ಹಾಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಕೂತಿರುವುದು ನನಗೆ ಎಷ್ಟು ಇಷ್ಟವಾಗುತ್ತಿತ್ತು ಎಂದರೆ, ಬೇಕೆಂದೇ ಅವಳ ಕೈಗೆ ಸುಲಭದ ಆಟಗಳನ್ನೇ ಕೊಡುತ್ತಿದ್ದೆ.

ಚಳಿ ಬಿಡುವ ಹೊತ್ತಿಗೆ ರಿಸರ್ಚಮ್ಮ ಬಂದರು. ನಿಜವಾದ ಹೆಸರು ವತ್ಸಲಾ. ಪೇಟೆ ಕಡೆಯ ದೊಡ್ಡ ಮನೆತನದವರು, ವಿದೇಶದಲ್ಲಿ ಓದಿ ಬಂದಿದ್ದರು. ಚಿಕ್ಕ ಮಕ್ಕಳು ಹೇಗೆ ಕಲಿಯುತ್ತವೆ ಎನ್ನುವುದರ ಮೇಲೆ ಸಂಶೋಧನೆ ಮಾಡುತ್ತಿದ್ದಾರೆ ಎಂದು ಶಾಲೆಯ ಕಮಿಟಿಯ ಕಾರ್ಯದರ್ಶಿಗಳು ಪರಿಚಯ ಮಾಡಿಸಿದರು. ನಾವು ಬೆನ್ನ ಹಿಂದೆ ಇಟ್ಟ ಹೆಸರು ರಿಸರ್ಚಮ್ಮ. ಅವರ ಪೆಟ್ಟಿಗೆಯಲ್ಲಿ ಒಂದು ಹಲಗೆ, ಅದರಲ್ಲಿ ದುಂಡಗೆ, ಚೌಕ, ನಕ್ಷತ್ರ ಹೀಗೆ ತರಾವರಿ ಗುಳಿಗಳು. ಗುಳಿಗಳಿಗೆ ಹೊಂದುವ ಬಣ್ಣದ ಮರದ ತುಂಡುಗಳನ್ನು ಬ್ಲ್ಯಾಕ್‌ಪಲ್ಲಿಯ ಬಡಗಿಯ ಹತ್ತಿರ ಹೊಸದಾಗಿ ಮಾಡಿಸಿದ್ದರು. ವಾರ್ನಿಷ್ ಇನ್ನೂ ಅಂಟುತ್ತಿತ್ತು.

“ನನ್ನನ್ನ ಕಂಡ್ರೆ ಮಕ್ಕಳು ಅಳ್ತವೆ ಎಸ್ತರ್. ನೀವೇ ಎದುರಿಗೆ ಕೂತು ಮಾಡ್ಸಿ, ನಾನು ಪಕ್ಕದಲ್ಲಿ ಕೂತು ಬರ್ಕೋತೀನಿ” ಎಂದರು. “ಬಾಯಿಬಿಟ್ಟು ಮಾತ್ರ ಏನೂ ಹೇಳ್ಕೊಡಬಾರ್ದು.”

“ಇಲ್ಲಮ್ಮಾ, ಒಂದು ಮಾತೂ ಆಡಲ್ಲ” ಎಂದರು ಎಸ್ತರ್ ಟೀಚರ್. ಆಡಲೂ ಇಲ್ಲ.

ನಮ್ಮ ಮಕ್ಕಳು ಹೇಗೆ ಮಾಡಿದವು ಅಂತೀರಿ! ಆಮಿನಾ ಅಂತೂ ಟಕಟಕ ಎಲ್ಲವನ್ನೂ ಕೂರಿಸಿಬಿಟ್ಟಳು. ರಿಸರ್ಚಮ್ಮನಿಗೆ ಹಿಗ್ಗೋ ಹಿಗ್ಗು. ದೊಡ್ಡ ದೊಡ್ಡ ಶಾಲೆಗಳಲ್ಲೂ ಇಷ್ಟು ಚುರುಕು ಮಕ್ಕಳನ್ನು ನೋಡಿಲ್ಲ, ಶಿಶುವರ್ಗದ ಟೀಚರುಗಳಿಲ್ಲದೆ ಈ ಸಂಶೋಧನೆ ಒಂದು ಹೆಜ್ಜೆಯೂ ಮುಂದೆ ಹೋಗುತ್ತಿರಲಿಲ್ಲ ಎಂದು ಕಮಿಟಿಯವರ ಮುಂದೆ ಹೊಗಳಿದರು. ಎಸ್ತರ್ ಟೀಚರ್ ಆವತ್ತು ಬೇಕರಿಯಿಂದ ಬನ್ನು ತರಿಸಿ ಎಲ್ಲರಿಗೂ ಹಂಚಿದರು.

ಆ ಹೊಗಳಿಕೆಯೇ ಮುಳುವಾಯಿತು. ಶಾಲೆಯ ಅರ್ಧ ಕಟ್ಟಡವನ್ನು ಆಗಷ್ಟೇ ಮಿಲಿಟರಿಯವರು ಸಾಮಾನು ತುಂಬಲು ವಹಿಸಿಕೊಂಡಿದ್ದರು. ಒಂದನೇ ತರಗತಿಗೆ ಉಳಿದದ್ದು ಒಂದೇ ಕೋಣೆ, ಜೂನ್ ತಿಂಗಳಲ್ಲಿ ಎಲ್ಲ ಮಕ್ಕಳಿಗೂ ಜಾಗವಿಲ್ಲ. ಯಾರನ್ನು ಸೇರಿಸುವುದು, ಯಾರನ್ನು ಬಿಡುವುದು ಎಂದು ತಲೆ ಕೆಡಿಸಿಕೊಂಡಿದ್ದ ಕಮಿಟಿಗೆ ಇದು ಒಳ್ಳೇ ದಾರಿಯಾಗಿ ಕಂಡಿತು. ರಿಸರ್ಚಮ್ಮನ ಪರೀಕ್ಷೆಯಲ್ಲಿ ಗೆದ್ದವರಿಗೆ ಒಂದನೇ ತರಗತಿ, ಸೋತವರು ಮನೆಗೆ. “ನನ್ನ ಪರೀಕ್ಷೆ ಇರೋದು ಅದಕ್ಕಲ್ಲ ಸಾರ್” ಎಂದು ಅವರು ಎಷ್ಟು ಹೇಳಿದರೂ ಕಾರ್ಯದರ್ಶಿಗಳು ಕೇಳಲಿಲ್ಲ. “ವಿದೇಶದಲ್ಲಿ ಓದಿ ಬಂದೋರು ನೀವು. ನಿಮಗಿಂತ ಚೆನ್ನಾಗಿ ನಾವು ಆರಿಸ್ತೀವಾ?” ಎಂದು ನಕ್ಕುಬಿಟ್ಟರು.

ಸುದ್ದಿ ಬ್ಲ್ಯಾಕ್‌ಪಲ್ಲಿಗೂ ಮುಟ್ಟಿತು. ಒಂದು ಸಂಜೆ ಖಲೀಲ್ ಹೆಗಲ ಮೇಲೆ ಅಳತೆ ಟೇಪು ಹಾಕಿಕೊಂಡೇ ಬಂದರು. “ನನ್ನ ಅಮ್ಮಾ ಹೇಳ್ತಾರೆ, ಲಡ್ಕಿಗೆ ಇಸ್ಕೂಲ್ ಯಾಕೆ, ಮನೇಲಿ ಕೂತು ಕಾಜಾ ಹಾಕೋದು ಕಲೀಲಿ ಅಂತ. ನಾನು ಹೇಳ್ದೆ, ಇಸ್ಕೂಲ್‌ನೋರು ಪಾಸ್ ಅಂದ್ರೆ ಓದ್ಲಿ, ಇಲ್ಲಾಂದ್ರೆ ನೀವು ಹೇಳಿದ ಹಾಗೆ. ಜುಬಾನ್ ಕೊಟ್ಟುಬಿಟ್ಟೆ ಟೀಚರಮ್ಮ, ಮಾತು ತಪ್ಪೋ ಹಾಗಿಲ್ಲ. ಏನಂತೀರಿ, ಪಾಸ್ ಆಗ್ತಾಳಾ?”

“ಆಗದೆ ಏನು! ಆಗ್ಲೇ ಆಗಿದಾಳೆ” ಎಂದರು ಎಸ್ತರ್ ಟೀಚರ್. ಆತನ ಮುಖ ಅರಳಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂಗಿಗೆ ಗುಂಡಿಯ ತೂತು ಹೊಲಿಯುವುದಕ್ಕೆ ಕಾಜಾ ಅಂತಾರೆ. ಆ ಬೀದಿಯ ಹೆಣ್ಣುಮಕ್ಕಳ ಬೆರಳೆಲ್ಲ ಅದರಲ್ಲೇ ಸವೆಯುತ್ತಿದ್ದವು.

ಅದಾಗಿ ಕೆಲವೇ ದಿನಕ್ಕೆ ರಿಸರ್ಚಮ್ಮ ಇನ್ನೊಂದು ಸುತ್ತು ಮಾಡಿಸಲು ಬಂದರು. ಆಮಿನಾ ಹಲಗೆಯ ಮುಂದೆ, ಎದುರಿಗೆ ಎಸ್ತರ್ ಟೀಚರ್. ರಸ್ತೆಯಲ್ಲಿ ಮಿಲಿಟರಿ ಲಾರಿಗಳ ಸಾಲು ಹೊರಟು ಕಿಟಕಿಯಿಂದ ಧೂಳು ನುಗ್ಗಿತು. ಆಮಿನಾ ನಕ್ಷತ್ರದ ತುಂಡನ್ನು ಸರಿಯಾದ ಗುಳಿಯಲ್ಲೇ ಇಟ್ಟಿದ್ದಳು. ಇಟ್ಟು ತಲೆ ಎತ್ತುವುದಕ್ಕೂ ಎಸ್ತರ್ ಟೀಚರಿಗೆ ಸೀನು ಬರುವುದಕ್ಕೂ ಸರಿಹೋಯಿತು. ಹುಬ್ಬು ಮೇಲೆ, ಮೂಗು ಓರೆ, ಬಾಯಿ ಸೊಟ್ಟ. ಆಮಿನಾ ಗಾಬರಿಯಾಗಿ ನಕ್ಷತ್ರವನ್ನು ಕಿತ್ತಳು. ಚೌಕದ ಗುಳಿಯಲ್ಲಿಟ್ಟು ಒತ್ತಿದಳು. ಮತ್ತೆ ಮುಖ ನೋಡಿದಳು. ಇನ್ನೊಂದು ಸೀನು. ದುಂಡನೆಯ ಗುಳಿಗೆ ಹೋದಳು.

ನನಗೆ ನಗು ತಡೆಯಲಾಗಲಿಲ್ಲ. ಕಿಸಕ್ಕೆಂದು ನಕ್ಕು ತಿರುಗಿ ನೋಡಿದರೆ ರಿಸರ್ಚಮ್ಮ ಬಿಳಿಚಿಕೊಂಡಿದ್ದರು. ಪೆನ್ಸಿಲು ಕೆಳಗಿಟ್ಟು ಮೆಲ್ಲನೆ ಕೇಳಿದರು, “ಎಸ್ತರ್, ಇಷ್ಟು ದಿನ ಮಕ್ಕಳು ಹಲಗೆ ನೋಡ್ಕೊಂಡು ಮಾಡ್ತಿದ್ವಾ, ನಿಮ್ಮ ಮುಖ ನೋಡ್ಕೊಂಡಾ?”

ಎಸ್ತರ್ ಟೀಚರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ನನ್ನ ಮುಖ ನೋಡದೆ ಇನ್ಯಾರ ಮುಖ ನೋಡ್ತವೆ ಅಮ್ಮಾ?”

ಮಾರನೆಯ ದಿನ ಎಲ್ಲವನ್ನೂ ಹೊಸದಾಗಿ ಮಾಡಿಸಿದರು. ಎದುರಿಗೆ ರಿಸರ್ಚಮ್ಮನೇ ಕುಳಿತರು. ನಾವಿಬ್ಬರೂ ಮಕ್ಕಳ ಬೆನ್ನ ಹಿಂದೆ. “ಗೋಡೆ ಥರ ಇದ್ಬಿಡಿ” ಎಂದು ಅಪ್ಪಣೆಯಾಯಿತು. ಬಾಯಿದ್ದ ಮಕ್ಕಳು ‘ಇದು ಇಲ್ಲಿಗಾ, ಅಲ್ಲಿಗಾ’ ಎಂದು ತಮ್ಮಷ್ಟಕ್ಕೆ ವಟಗುಟ್ಟಿಕೊಂಡು ಹೇಗೋ ಮುಗಿಸಿದವು. ಆಮಿನಾ ನಕ್ಷತ್ರವನ್ನು ಕೈಯಲ್ಲಿ ಹಿಡಿದು ಎದುರಿನ ಮುಖ ನೋಡಿದಳು. ಅದರಲ್ಲಿ ಏನೂ ಇರಲಿಲ್ಲ. ಎದ್ದಳು. ಮೇಜು ಬಳಸಿಕೊಂಡು ಬಂದು ಎಸ್ತರ್ ಟೀಚರ ಮುಂದೆ ನಿಂತು, ತುಂಡನ್ನು ಎತ್ತಿ ಹಿಡಿದಳು. ಆ ಗೋಡೆ ಕಣ್ಣೀರು ಸುರಿಸುತ್ತಿತ್ತು. ಆಮಿನಾ ಸೋತಳೆಂದು ರಿಸರ್ಚಮ್ಮ ಬರೆದುಕೊಂಡರು, ಬೇರೇನು ಬರೆಯಲಾದೀತು?

ನನಗೆ ರಿಸರ್ಚಮ್ಮನ ಮೇಲೆ ಕೆಂಡದಂಥ ಕೋಪ. ಮಕ್ಕಳು ಹೋದ ಮೇಲೆ ಸರಿಯಾಗಿ ಬೈಯಬೇಕೆಂದು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೋದೆ. ಆ ಹೆಂಗಸು ಮಕ್ಕಳ ಮಣೆಯ ಮೇಲೆ ಮುದುಡಿ ಕುಳಿತಿದ್ದರು.

“ನಾನು ಕಮಿಟಿಗೆ ಹೇಳ್ದೆ ರುಕ್ಮಿಣಿ. ಕೈ ಮುಗಿದು ಹೇಳ್ದೆ. ರಜೆಗೆ ಮುಂಚೆ ಇನ್ನೊಂದೇ ಒಂದು ಸಲ ನೋಡಬಹುದಂತೆ.” ಆಮೇಲೆ ಎಸ್ತರ್ ಟೀಚರ ಕಡೆ ತಿರುಗಿದರು. “ಆ ಮಗೂಗೆ ಬುದ್ಧಿ ಇದೆ, ನನಗೆ ಗೊತ್ತು. ಆದ್ರೆ ನಾಳೆ ಒಂದನೇ ಕ್ಲಾಸಲ್ಲಿ ಬೆತ್ತ ಹಿಡ್ಕೊಂಡಿರೋ ಮೇಷ್ಟ್ರು ಸಿಗ್ತಾರೆ. ಅವರ ಮುಖದಲ್ಲಿ ಏನು ಓದ್ತಾಳೆ ಹೇಳಿ? ನಿಮ್ಮ ಮುಖ ಬಿಟ್ಟು ಕೈಯಲ್ಲಿರೋದನ್ನ ನೋಡೋಕೆ ಬಂದ್ರೆ ಸಾಕು.”

ಸಿಕ್ಕಿಸಿಕೊಂಡಿದ್ದ ಸೆರಗನ್ನು ಕೆಳಗೆ ಬಿಟ್ಟೆ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ನನ್ನ ಹೊಟ್ಟೆ ಉರಿಸಿದ್ದು.

ಮಾರನೆಯ ಬೆಳಿಗ್ಗೆಯಿಂದ ಎಸ್ತರ್ ಟೀಚರ್ ತಮ್ಮ ಮುಖವನ್ನು ಆಮಿನಾಳಿಂದ ಬಚ್ಚಿಡಲು ಶುರುಮಾಡಿದರು. ಅವಳು ಮಣಿ ಹಿಡಿದು ತಲೆ ಎತ್ತಿದರೆ ಇವರು ಕಿಟಕಿಯಾಚೆ ನೋಡುತ್ತಿದ್ದರು. ಅವಳು ಆ ಕಡೆ ಬಂದು ನಿಂತರೆ ಇವರು ಈ ಕಡೆ. ಬೇರೆ ಮಕ್ಕಳಿಗೆ ಎಂದಿನಂತೆ ಹುಬ್ಬು, ತುಟಿ, ಪೂರಿ ಎಲ್ಲ ಇತ್ತು, ಅವಳೊಬ್ಬಳಿಗೇ ಇಲ್ಲ. ಬಿಸಿಲು ಏರುತ್ತಿತ್ತು, ಹಲಸೂರು ಕೆರೆಯ ನೀರು ಅಂಚು ಬಿಟ್ಟು ಒಳಗೆ ಸರಿದಿತ್ತು, ರೇಷನ್ ಅಕ್ಕಿಯ ಕಲ್ಲು ಆರಿಸಿ ಆರಿಸಿ ಮನೆಯಲ್ಲಿ ಎಲ್ಲರೂ ಸಿಡಿಮಿಡಿ. ಶಾಲೆಗೆ ಬಂದರೆ ಈ ನೋಟ. ತಾನು ಏನು ತಪ್ಪು ಮಾಡಿದೆನೋ ಎಂದುಕೊಂಡು ಆಮಿನಾ, ಯಾರೂ ಹೇಳದೆಯೇ ಕೆಲಸಕ್ಕೆ ಬಿದ್ದಳು. ಚಾಪೆ ಮಡಿಸಿದಳು, ಎಲ್ಲರ ಸ್ಲೇಟು ಒರೆಸಿದಳು, ಮನೆಯಿಂದ ಒಂದು ತುಂಡು ಖಾಕಿ ಬಟ್ಟೆ ತಂದು ಟೀಚರ ಕುರ್ಚಿಯ ಮೇಲೆ ಹಾಸಿದಳು. ಎಸ್ತರ್ ಟೀಚರ್ ಅದರ ಮೇಲೆ ಕುಳಿತರು, ಅವಳತ್ತ ನೋಡಲಿಲ್ಲ.

ಒಂದು ಮಧ್ಯಾಹ್ನ ನಾನು ನೀರಿನ ಗಡಿಗೆ ತೊಳೆಯುತ್ತಿದ್ದೆ. ಯಾರೋ ಸೆರಗು ಜಗ್ಗಿದ ಹಾಗಾಯಿತು. ಆಮಿನಾ. ತುಟಿ ಅಲುಗಿತು.

“ಟೀಚರ್ ಗುಸ್ಸಾ ಹೈ ಕ್ಯಾ?”

ಟೀಚರಿಗೆ ಕೋಪವಾ ಎಂದು ಕೇಳುತ್ತಿದ್ದಳು. ಅವಳು ಆ ಶಾಲೆಯಲ್ಲಿ ಆಡಿದ ಮೊದಲ ಮಾತು ಅದು. ಮಾತಾಡಿದಳೆಂದು ಕುಣಿಯಬೇಕೋ, ಆ ಮಾತು ಕೇಳಿ ಅಳಬೇಕೋ? “ನಹೀಂ ಕಂದಾ, ಗುಸ್ಸಾ ಇಲ್ಲ, ಖಂಡಿತ ಇಲ್ಲ” ಎಂದು ನನಗೆ ಬಂದ ಎಲ್ಲ ಭಾಷೆಯಲ್ಲೂ ಹೇಳಿದೆ. ಅವಳು ನಂಬಲಿಲ್ಲ. ನಂಬುವುದಾದರೂ ಹೇಗೆ? ಮಾತನ್ನು ಬಿಟ್ಟು ಮುಖವನ್ನು ನಂಬುವುದನ್ನು ನಾವೇ ಕಲಿಸಿದ್ದೆವು.

ಗಡಿಗೆ ಅಲ್ಲೇ ಬಿಟ್ಟು ಓಡಿದೆ. “ಸಾಕು ಮಾಡಿ ಟೀಚರ್! ಮಗು ಬಾಯಿ ಬಿಟ್ಟು ಕೇಳ್ತಾ ಇದೆ. ಏನು ಕಲ್ಲು ಮನಸ್ಸು ನಿಮ್ದು?”

ಆಮಿನಾ ಮಾತಾಡಿದಳೆಂಬುದನ್ನು ಕೇಳಿ ಎಸ್ತರ್ ಟೀಚರ್ ಎದೆಯ ಮೇಲೆ ಕೈಯಿಟ್ಟುಕೊಂಡರು. ಪ್ರೀತಿ ಉಕ್ಕಿದಾಗ ಅವರು ಯಾರನ್ನಾದರೂ ತಮಿಳಿನಲ್ಲಿ ಕಣ್ಣು ಎಂದೇ ಕರೆಯುತ್ತಿದ್ದುದು. “ರುಕ್ಕು ಕಣ್ಣು, ನಾನು ಈಗ ತಿರುಗಿ ನೋಡಿದ್ರೆ ಇಷ್ಟು ದಿನದ್ದೆಲ್ಲಾ ನೀರಲ್ಲಿ ಹೋಯ್ತು. ಅವಳು ಮನೇಲಿ ಕೂತು ಕಾಜಾ ಹಾಕ್ತಾಳೆ. ಸ್ವಲ್ಪ ದಿನ ಅಷ್ಟೇ. ಪಾಸಾಗ್ಲಿ. ಆಮೇಲೆ ಎಷ್ಟು ಬೇಕೋ ಅಷ್ಟು ಪೂರಿ ಮಾಡ್ತೀನಿ ಅವಳಿಗೆ.”

ಯುಗಾದಿ ಮುಗಿದು ರಜೆ ಹತ್ತಿರ ಬಂದಾಗ ಕೊನೆಯ ಪರೀಕ್ಷೆ ನಡೆಯಿತು. ಖಲೀಲ್ ಬಾಗಿಲ ಹೊರಗೆ ಟೋಪಿ ಹಿಡಿದು ನಿಂತಿದ್ದರು. ನಾವು ಹಿಂದೆ, ಗೋಡೆಗಳು. ಆಮಿನಾ ಕುಳಿತಳು. ದುಂಡನೆಯದನ್ನು ತೆಗೆದುಕೊಂಡಳು, ತಿರುಗಿಸಿ ನೋಡಿದಳು, ಇಟ್ಟಳು. ಚೌಕ ಇಟ್ಟಳು. ನಕ್ಷತ್ರ ಇಟ್ಟಳು. ಒಂದು ಸಲವೂ ತಲೆ ಎತ್ತಲಿಲ್ಲ. ಕೊನೆಯ ತುಂಡು ಕೂತಾಗ ರಿಸರ್ಚಮ್ಮನ ಕಣ್ಣಲ್ಲೂ ನೀರಿತ್ತು. “ನೋಡಿ, ಬರ್ತಿತ್ತು ಅವಳಿಗೆ. ಮೊದಲಿಂದ್ಲೂ ಬರ್ತಿತ್ತು” ಎಂದರು. ಹೊರಗೆ ಖಲೀಲ್ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ನಾನೂ ಅತ್ತೆ, ಸಂತೋಷಕ್ಕೇ ಅತ್ತೆ.

ಎಸ್ತರ್ ಟೀಚರ್ ಆ ದೇಹ ಹೊತ್ತುಕೊಂಡು ಮೇಜು ಸುತ್ತಿ ಓಡಿದರು. ಮಂಡಿಯೂರಿ ಕುಳಿತು, ಅಷ್ಟು ದಿನ ತಡೆದಿಟ್ಟಿದ್ದನ್ನೆಲ್ಲ ಸೇರಿಸಿ ಕೆನ್ನೆ ಉಬ್ಬಿಸಿದರು. ಅಂಥ ಪೂರಿಯನ್ನು ಆ ಶಾಲೆ ಕಂಡಿರಲಿಲ್ಲ. ಆಮಿನಾ ತುಂಡುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕುತ್ತಿದ್ದಳು. ಹಾಕಿ ಮುಗಿಸಿ ಮುಚ್ಚಳ ಮುಚ್ಚಿದಳು. “ಆಮಿನಾ, ಇಲ್ಲಿ ನೋಡು ಕಣ್ಣು” ಎಂದು ಗಲ್ಲ ಹಿಡಿದು ಎತ್ತಿದರು. ಮುಖವೇನೋ ಮೇಲೆ ಬಂತು. ಕಣ್ಣು ಮಾತ್ರ ಟೀಚರ ಹೆಗಲಿನ ಪಿನ್ನಿನ ಮೇಲೇ ನಿಂತಿತ್ತು.

“ಸುಸ್ತಾಗಿದೆ ಮಗೂಗೆ. ರಜೆ ಕಳೀಲಿ, ಎಲ್ಲಾ ಮರ್ತುಹೋಗುತ್ತೆ” ಎಂದೆ ನಾನು.

ರಿಸರ್ಚಮ್ಮ ಹೊರಡುವ ದಿನ ಎಸ್ತರ್ ಟೀಚರ ಕೈ ಹಿಡಿದುಕೊಂಡರು. “ನಾನು ಮಕ್ಕಳನ್ನ ಅಳೀತಿದ್ದೀನಿ ಅಂದ್ಕೊಂಡಿದ್ದೆ ಎಸ್ತರ್. ಮೊದಲ ಸಲ ಅಳೆದದ್ದು ನಿಮ್ಮನ್ನ. ಕೊನೇ ಸಲ ಏನನ್ನ ಅಳೆದ್ನೋ ನನಗೇ ತಿಳೀತಿಲ್ಲ” ಎಂದರು. ಒಳ್ಳೆಯ ಹೆಂಗಸು. ಆಮೇಲೆ ಅವರನ್ನು ನಾನು ನೋಡಲಿಲ್ಲ.

ಆಮಿನಾ ಆ ಶಾಲೆಯಲ್ಲೇ ಮುಂದೆ ಓದಿದಳು, ಮೇಲಿನ ತರಗತಿಗಳಲ್ಲಿ ಬಹುಮಾನವನ್ನೂ ತೆಗೆದುಕೊಂಡಳು. ಚೆನ್ನಾಗಿ ಮಾತಾಡುವುದನ್ನೂ ಕಲಿತಳು. ಒಳ್ಳೆಯದೇ ಆಯಿತು ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಆದರೆ ನನ್ನ ಕಣ್ಣ ಮುಂದೆ ನಿಲ್ಲುವುದು ಜೂನ್ ತಿಂಗಳಲ್ಲಿ ಶಾಲೆ ತೆರೆದ ಬೆಳಿಗ್ಗೆ.

ಸಣ್ಣಗೆ ಮಳೆ ಹನಿಯುತ್ತಿತ್ತು. ಒಂದನೇ ತರಗತಿಯ ಮಕ್ಕಳು ಸಾಲಾಗಿ ನಮ್ಮ ಜಗಲಿಯ ಮುಂದೆ ಹಾದು ಹೋಗಬೇಕಿತ್ತು. ಎಸ್ತರ್ ಟೀಚರ್ ಮೊದಲೇ ಬಂದು ಕಂಬದ ಪಕ್ಕ ನಿಂತಿದ್ದರು, ಹೊಸ ಸೀರೆ ಉಟ್ಟಿದ್ದರು. ಸಾಲು ಹತ್ತಿರ ಬಂದಾಗ ಕೆನ್ನೆ ಉಬ್ಬಿಸಿದರು. ಮಕ್ಕಳೆಲ್ಲ “ಪೂರಿ! ಪೂರಿ!” ಎಂದು ಕೂಗಿ ತಾವೂ ಕೆನ್ನೆ ಉಬ್ಬಿಸಿಕೊಂಡು ನಕ್ಕವು. ಆಮಿನಾ ಅವರ ನಡುವೆಯೇ ಇದ್ದಳು. ಹೊಸ ಫ್ರಾಕು, ಅಪ್ಪನೇ ಹೊಲಿದದ್ದು. ಮುಂದಿನ ಹುಡುಗಿಯ ಜಡೆಯ ಮೇಲೆ ಕಣ್ಣಿಟ್ಟು ನಡೆದು ಒಳಗೆ ಹೋದಳು. ಸಾಲು ಮುಗಿದ ಮೇಲೂ ಎಸ್ತರ್ ಟೀಚರ ಕೆನ್ನೆ ಉಬ್ಬಿಯೇ ಇತ್ತು, ಇಳಿಸುವುದನ್ನು ಮರೆತವರ ಹಾಗೆ.

ಒಳಗೆ ಶಿಶುವರ್ಗದ ಹೊಸ ಮಕ್ಕಳು ಒಂದೇ ಸಮನೆ ಚೀರುತ್ತಿದ್ದವು. ಕನ್ನಡದಲ್ಲಿ ಅಮ್ಮ ಬೇಕೆಂದು, ತಮಿಳಿನಲ್ಲಿ ಅಮ್ಮ ಬೇಕೆಂದು, ದಖನಿಯಲ್ಲಿ ಅಮ್ಮ ಬೇಕೆಂದು. ಗಂಟೆ ಹೊಡೆಯಿತು. ನಾನು ಟೀಚರ ಕುರ್ಚಿ ಎಳೆದು ನಡುವೆ ಹಾಕಿದೆ.

ಎಸ್ತರ್ ಟೀಚರ್ ಬಾಗಿಲಲ್ಲೇ ನಿಂತರು. ಸೆರಗಿನಿಂದ ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. “ನೀನು ಹೋಗಿ ಕೂತ್ಕೋ ರುಕ್ಕು” ಎಂದರು. “ಇವತ್ತು ನನ್ನ ಮುಖ ಸರಿಯಿಲ್ಲ.”

ನಾನು ಹೋಗಿ ಕುಳಿತೆ. ಅಳು ನಿಲ್ಲಿಸಿ ಆ ಮಕ್ಕಳೆಲ್ಲ ನನ್ನ ಮುಖ ನೋಡಿದವು.